ಸ್ಕೀ ಗುಡ್ಡದ ಮೇಲೆ ಡಿಸ್ಕ್ ಗಾಲ್ಫ್: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಮನೆಗೆಂದೋ ಕಂಪನಿ ಕೆಲಸಕ್ಕೆಂದೋ ಅಮೆರಿಕಕ್ಕೆ ಹೋಗುವ ನಮ್ಮ ಕಡೆಯವರು ಬೇಸಿಗೆಯಲ್ಲಿ ಸ್ಕೀ ರೆಸಾರ್ಟ್‌ಗಳಿಗೂ ಹೋಗಿಬರುತ್ತಾರೆ. ಹಿಮ ಕರಗಿದ ಗುಡ್ಡದ ಮೇಲೆ ಕಬ್ಬಿಣದ ಬುಟ್ಟಿಗಳು, ಅವುಗಳತ್ತ ತಟ್ಟೆ ಎಸೆಯುತ್ತಾ ನಡೆಯುವ ಜನ ಕಾಣುತ್ತಾರೆ. ಆ ಆಟವೇ ಡಿಸ್ಕ್ ಗಾಲ್ಫ್. ಹೋಗುವ ಮುಂಚೆ ಕೆಲವರು, ಹೋಗಿಬಂದ ಮೇಲೆ ಹಲವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಸೆತದ ವಿವರಗಳೆಲ್ಲ ಬಲಗೈಯವರ ಲೆಕ್ಕದಲ್ಲಿವೆ. ಎಡಗೈಯವರು ಎಡ, ಬಲ ಅದಲುಬದಲು ಮಾಡಿಕೊಂಡು ಓದಿ.

## ಮೊದಲ ಪರಿಚಯ

ಇದು ಬೀಚಲ್ಲಿ ಎಸೆದಾಡೋ ಫ್ರಿಸ್ಬೀನೇ ಅಲ್ವಾ ಸಾರ್? ಇದರಲ್ಲಿ ಗಾಲ್ಫ್ ಎಲ್ಲಿಂದ ಬಂತು?

ದುಂಡಗಿರುವುದು ಬಿಟ್ಟರೆ ಹೋಲಿಕೆ ಕಡಿಮೆ. ಫ್ರಿಸ್ಬೀ ಅಗಲವಾಗಿರುತ್ತದೆ, ಅಂಚು ಮೊಂಡು, ಕೈಯಲ್ಲಿ ಹಿಡಿಯಲೆಂದೇ ಮಾಡಿದ್ದು. ಗಾಲ್ಫ್ ಡಿಸ್ಕ್ 21 ಸೆಂಟಿಮೀಟರ್ ಆಸುಪಾಸಿನ ಅಡ್ಡಳತೆಯ ಗಟ್ಟಿ ಪ್ಲಾಸ್ಟಿಕ್ ತಟ್ಟೆ. ತೂಕ ಸಾಮಾನ್ಯವಾಗಿ 150ರಿಂದ 180 ಗ್ರಾಂ. ದೂರ ಎಸೆಯುವ ಡಿಸ್ಕಿನ ಅಂಚು ಗಾಳಿ ಸೀಳುವಷ್ಟು ಚೂಪು. ಎದುರಿನಿಂದ ಬರುತ್ತಿದ್ದರೆ ಹಿಡಿಯಲು ಹೋಗಬೇಡಿ, ಬೆರಳು ಮುರಿಯುತ್ತದೆ.

ಆಟದ ಲೆಕ್ಕ ಮಾತ್ರ ಗಾಲ್ಫಿನದೇ. ಟೀ ಎನ್ನುವ ಜಾಗದಿಂದ ಎಸೆಯಬೇಕು, ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು, ಸರಪಳಿ ತೂಗುಬಿಟ್ಟ ಬುಟ್ಟಿಯೊಳಗೆ ಡಿಸ್ಕ್ ಬಿದ್ದರೆ ಆ ಹೋಲ್, ಅಂದರೆ ಒಂದು ಟೀಯಿಂದ ಅದರ ಬುಟ್ಟಿಯವರೆಗಿನ ಆಟ, ಮುಗಿಯಿತು. 9 ಅಥವಾ 18 ಹೋಲ್ ಸೇರಿ ಯಾರು ಕಡಿಮೆ ಎಸೆದರೋ ಅವರು ಗೆದ್ದರು. ಅಮೆರಿಕದ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಶಾಶ್ವತ ಕೋರ್ಸ್, ಅಂದರೆ ಆಟದ ಅಂಗಳ, ಹಾಕಿದರು. ಮರುವರ್ಷ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಎಂಬ ಆಟಗಾರರ ಸಂಘ ಹುಟ್ಟಿತು. ಸರಪಳಿ ಬುಟ್ಟಿಯೂ ಹೆಡ್ರಿಕ್ ಅವರ ಕೈಕೆಲಸವೇ. ಚೂಪು ಅಂಚಿನ ಡಿಸ್ಕ್ ಬಂದದ್ದು 1983ರಲ್ಲಿ. ಅಲ್ಲಿಂದಾಚೆಗೆ ಫ್ರಿಸ್ಬೀಗೂ ಇದಕ್ಕೂ ದಾರಿ ಬೇರೆಯಾಯಿತು.

ಸ್ಕೀ ರೆಸಾರ್ಟಲ್ಲಿ ಯಾಕೆ ಆಡ್ತಾರೆ? ಹಿಮದ ಮೇಲಾ?

ಬಹುಪಾಲು ಬೇಸಿಗೆಯಲ್ಲಿ. ಸ್ಕೀ ಗುಡ್ಡದಲ್ಲಿ ಮರ ಕಡಿದು ಅಗಲವಾದ ಪಟ್ಟಿಗಳನ್ನು ತೆರವು ಮಾಡಿರುತ್ತಾರೆ. ಲಿಫ್ಟು (ತಂತಿಗೆ ತೂಗುವ ಕುರ್ಚಿಯಲ್ಲಿ ಜನರನ್ನು ಗುಡ್ಡ ಹತ್ತಿಸುವುದು), ಪಾರ್ಕಿಂಗು, ಕ್ಯಾಂಟೀನು, ಶೌಚಾಲಯ ಎಲ್ಲಾ ಇರುತ್ತದೆ. ಹಿಮ ಕರಗಿದ ಮೇಲೆ ಅದೆಲ್ಲ ಖಾಲಿ. ಬುಟ್ಟಿ ನೆಟ್ಟರೆ ಆಟ ಶುರು. ಎತ್ತರದ ಊರುಗಳಲ್ಲಿ ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡಬಹುದು. ಚಳಿಗಾಲದಲ್ಲಿ ಸ್ಕೀ ಮಾಡುವವರು ಡಿಕ್ಕಿ ಹೊಡೆಯದಿರಲೆಂದು ಬುಟ್ಟಿಗಳನ್ನು ಕಿತ್ತಿಡುವುದೂ ಉಂಟು.

ಎಲ್ಲ ರೆಸಾರ್ಟ್ ಕೋರ್ಸೂ ಒಂದೇ ತರಹ ಅಂದುಕೊಳ್ಳಬೇಡಿ. ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್‌ನಲ್ಲಿ ಎರಡು ಕೋರ್ಸ್ ಇವೆ: ಬ್ರೂಸ್ಟರ್ ರಿಜ್ ಮರಗಳ ನಡುವೆ, ಫಾಕ್ಸ್ ರನ್ ಮೆಡೋಸ್ ಬಯಲಿನಲ್ಲಿ. ವೃತ್ತಿಪರರ ವಿಶ್ವ ಚಾಂಪಿಯನ್‌ಶಿಪ್ 2018ರಲ್ಲೂ 2023ರಲ್ಲೂ ಅಲ್ಲೇ ನಡೆಯಿತು. ಆ ರೆಸಾರ್ಟಿನ ಬುಡ ಸಮುದ್ರಮಟ್ಟದಿಂದ ಸಾವಿರ ಅಡಿಯ ಆಸುಪಾಸಿನಲ್ಲಿದೆ, ಅಂದರೆ ನಮ್ಮ ಮೈಸೂರಿಗಿಂತ ತಗ್ಗು. ಯೂಟಾದ ಸಾಲಿಟ್ಯೂಡ್ ಹಾಗಲ್ಲ, ಅದರ ಬುಡವೇ ಸುಮಾರು 2,400 ಮೀಟರ್. ಕೆಳಗಿನ ಉತ್ತರಗಳಲ್ಲಿ ಎತ್ತರದ ಗಾಳಿಯ ಮಾತು ಯೂಟಾ, ಕೊಲೊರಾಡೊ ಕಡೆಗೆ ಅನ್ವಯಿಸುತ್ತದೆ, ಇಳಿಜಾರಿನ ಮಾತು ಎಲ್ಲ ಕಡೆಗೂ.

ನನಗೆ 62, ಮಂಡಿ ನೋವಿದೆ. ಮಗ ಕರ್ಕೊಂಡು ಹೋಗ್ತೀನಿ ಅಂತಾನೆ. ಹೋಗಬಹುದಾ?

ಎಸೆಯುವುದಕ್ಕೆ ಮಂಡಿ ಅಷ್ಟಾಗಿ ಬೇಕಿಲ್ಲ, ನಡೆಯುವುದಕ್ಕೆ ಬೇಕು. ಗುಡ್ಡದ ಮೇಲಿನ 18 ಹೋಲ್ ಮುಗಿಸಲು ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಏರುವಾಗ ಏದುಸಿರು ಬರುತ್ತದೆ, ಇಳಿಯುವಾಗಲೇ ಮಂಡಿಗೆ ಪೆಟ್ಟು. ಲಿಫ್ಟಿನಲ್ಲಿ ಮೇಲೆ ಹೋಗಿ ಆಡುತ್ತಾ ಇಳಿದು ಬರುವ ಕೋರ್ಸನ್ನು ಸುಲಭವೆಂದು ಹೇಳಿ ಕರೆದೊಯ್ಯುತ್ತಾರೆ. ಮಂಡಿ ನೋವಿರುವವರಿಗೆ ಅದೇ ಹೆಚ್ಚು ಕಷ್ಟ. ಬುಡದ ಸುತ್ತಮುತ್ತ ಇರುವ 9 ಹೋಲ್ ಆಡಿ, ಎರಡು ಊರುಗೋಲು ಇಟ್ಟುಕೊಳ್ಳಿ, ಓರೆಯಲ್ಲಿ ನೇರ ಇಳಿಯದೆ ಅಡ್ಡಡ್ಡ ಇಳಿಯಿರಿ. ಮಗನ ಜೊತೆ ಆಡುವಾಗ ಇಬ್ಬರೂ ಎಸೆದು, ಚೆನ್ನಾಗಿ ಬಿದ್ದ ಒಂದೇ ಡಿಸ್ಕಿನ ಜಾಗದಿಂದ ಇಬ್ಬರೂ ಮುಂದುವರಿಯುವ ಡಬಲ್ಸ್ ಪದ್ಧತಿ ಇದೆ. ಅದಾದರೆ ಅಡ್ಡಾದಿಡ್ಡಿ ಹೋದ ಡಿಸ್ಕಿನ ಹಿಂದೆ ಅಲೆಯುವುದು ತಪ್ಪುತ್ತದೆ.

ಎಷ್ಟು ಡಿಸ್ಕ್ ಬೇಕು? ಇಲ್ಲಿಂದಲೇ ಒಯ್ಯಬೇಕಾ?

ಮೂರು ಸಾಕು: ಬುಟ್ಟಿಯ ಹತ್ತಿರದಿಂದ ಹಾಕಲು ಒಂದು ಪಟರ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್, ದೂರಕ್ಕೆ ಒಂದು ಫೇರ್‌ವೇ ಡ್ರೈವರ್. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ, ಎಲ್ಲಕ್ಕಿಂತ ದೂರ ಎಸೆಯುವ ಡಿಸ್ಟೆನ್ಸ್ ಡ್ರೈವರ್‌ಗೆ ಮರುಳಾಗಬೇಡಿ. ಅದಕ್ಕೆ ಬೇಕಾದ ವೇಗ ಹೊಸಬರ ಕೈಯಲ್ಲಿ ಇರುವುದಿಲ್ಲ, ವೇಗವಿಲ್ಲದಿದ್ದರೆ ಅದು ಮೇಲೆದ್ದು ಎಡಕ್ಕೆ ಹೊರಳಿ ದೊಪ್ಪನೆ ಬೀಳುತ್ತದೆ. ಗುಡ್ಡಕ್ಕೆ 150ರಿಂದ 165 ಗ್ರಾಂ ತೂಕದವು ಹಗುರಾಗಿ ಹಾರುತ್ತವೆ. ಬಣ್ಣ ಗುಲಾಬಿ ಅಥವಾ ಕಿತ್ತಳೆ ಇರಲಿ. ಹುಲ್ಲಿನಲ್ಲಿ ಹಸಿರು, ನೀಲಿ ಕಳೆದುಹೋಗುತ್ತವೆ. ಹಿಂಬದಿಯಲ್ಲಿ ಹೆಸರು, ಫೋನ್ ನಂಬರ್ ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ. ಆಟದ ಸಾಮಾನಿನ ಅಂಗಡಿ ಅಮೆರಿಕದಲ್ಲಿ ಎಲ್ಲೆಡೆ ಇದೆ, ಅಲ್ಲೇ ಕೊಳ್ಳುವುದು ಲೇಸು. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಚಪ್ಪಟೆ ಇಡಿ. ನಿಲ್ಲಿಸಿ ತುರುಕಿದರೆ ಅಂಚು ಸೊಟ್ಟಗಾಗುತ್ತದೆ.

ಡಿಸ್ಕಿನ ಮೇಲೆ ನಾಲ್ಕು ನಂಬರ್ ಇರುತ್ತಲ್ಲ, ಅದೇನು?

ಕ್ರಮವಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಸ್ಪೀಡ್ ಎಂದರೆ ಆ ಡಿಸ್ಕ್ ಸರಿಯಾಗಿ ಹಾರಲು ನೀವು ಕೊಡಬೇಕಾದ ವೇಗ, ಅದು ತಾನಾಗಿ ಹೋಗುವ ವೇಗವಲ್ಲ. ಗ್ಲೈಡ್, ಗಾಳಿಯಲ್ಲಿ ತೇಲುವ ಗುಣ. ಟರ್ನ್, ಎಸೆದ ಹೊಸತರಲ್ಲಿ ಬಲಕ್ಕೆ ವಾಲುವುದು. ಮೈನಸ್ ಅಂಕಿ ಹೆಚ್ಚಿದಷ್ಟೂ ಹೆಚ್ಚು ವಾಲುತ್ತದೆ. ಫೇಡ್, ವೇಗ ಇಳಿದ ಮೇಲೆ ಕೊನೆಯಲ್ಲಿ ಎಡಕ್ಕೆ ಎಳೆಯುವುದು. 7, 5, -2, 1 ಎಂದಿದ್ದರೆ ಹೊಸಬರಿಗೆ ಒಳ್ಳೆಯ ಡ್ರೈವರ್. ಟರ್ನ್ ಸೊನ್ನೆ, ಫೇಡ್ 3 ಇರುವುದನ್ನು ಓವರ್‌ಸ್ಟೇಬಲ್ ಎನ್ನುತ್ತಾರೆ, ಅದು ಪಳಗಿದ ಕೈಗೆ ಮತ್ತು ಎದುರು ಗಾಳಿಗೆ. ಟರ್ನ್ ಜಾಸ್ತಿ ಇರುವುದು ಅಂಡರ್‌ಸ್ಟೇಬಲ್.

## ಹೊರಡುವ ಮುಂಚೆ, ಊರಿನಲ್ಲೇ

ಮೈಸೂರು, ಮಂಡ್ಯದಲ್ಲಿ ಪ್ರಾಕ್ಟೀಸ್ ಮಾಡೋಕೆ ಜಾಗ ಎಲ್ಲಿದೆ? ಚಾಮುಂಡಿ ಬೆಟ್ಟ ಆಗುತ್ತಾ?

ಚಾಮುಂಡಿ ಬೆಟ್ಟ ಬೇಡ. ಅದು ಕಾಯ್ದಿಟ್ಟ ಅರಣ್ಯ, ಮೆಟ್ಟಿಲ ಮೇಲೆ ಬೆಳಗಿನ ಜಾವದಿಂದ ಭಕ್ತರು ಹತ್ತುತ್ತಿರುತ್ತಾರೆ, 170 ಗ್ರಾಂ ತೂಕದ ಡಿಸ್ಕ್ ತಲೆಗೆ ಬಡಿದರೆ ಹೊಲಿಗೆ ಬೀಳುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯೂ ಬೇಡ, ವಾಕಿಂಗ್ ಜನ ಮತ್ತು ನೀರು ಎರಡೂ ಹತ್ತಿರ.

ಬೇಕಾದದ್ದು ಒಂದು ಎಕರೆಯಷ್ಟು ಓರೆ ನೆಲ. ನಾಗಮಂಗಲ, ಪಾಂಡವಪುರ ಕಡೆಯ ಮಳೆಯಾಶ್ರಿತ ಹೊಲಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ರಾಗಿ ಕಟಾವಾಗಿ ಮೆದೆ ಒಟ್ಟಿದ ಮೇಲೆ ಹೊಲ ಖಾಲಿ ಇರುತ್ತದೆ. ಹೊಲದವರನ್ನು ಕೇಳಿ, ಒಪ್ಪಿದರೆ ಮಾತ್ರ ಎಸೆಯಿರಿ. ಕೂಳೆ ಚುಚ್ಚುತ್ತದೆ, ಚಪ್ಪಲಿ ಬಿಟ್ಟು ಶೂ ಹಾಕಿ. ಪಕ್ಕದಲ್ಲಿ ಕಬ್ಬಿದ್ದರೆ ಅದರ ಕಡೆ ಬೆನ್ನು ಮಾಡಿ ಎಸೆಯಬೇಕು. ಕಬ್ಬಿನ ತಾಕಿಗೆ ಬಿದ್ದ ಡಿಸ್ಕ್ ಮತ್ತೆ ಸಿಗುವುದು ಕಟಾವಿನ ದಿನವೇ, ಹುಡುಕಲು ನುಗ್ಗಿದರೆ ಗರಿ ಮೈಯೆಲ್ಲ ಕೊಯ್ಯುತ್ತದೆ. ವಿ.ಸಿ. ನಾಲೆ ಹತ್ತಿರ ಆಡಲೇಬೇಡಿ. ಅಕಸ್ಮಾತ್ ಬಿದ್ದರೆ ಡಿಸ್ಕಿನ ಆಸೆ ಬಿಡಿ; ನಾಲೆಯ ಗೋಡೆ ಪಾಚಿಗಟ್ಟಿ ಜಾರುತ್ತದೆ, ಸೆಳವಿರುವಾಗ ಇಳಿದವರು ಹತ್ತಿ ಬರುವುದು ಕಷ್ಟ.

ಬುಟ್ಟಿನ ವೆಲ್ಡಿಂಗ್ ಶಾಪಲ್ಲಿ ಮಾಡಿಸಬಹುದಾ?

ಮಾಡಿಸಬಹುದು, ಅರ್ಧ ದಿನದ ಕೆಲಸ. ಗುಜರಿ ಅಂಗಡಿಯಿಂದ ಎರಡು ಹಳೇ ಸೈಕಲ್ ರಿಮ್ ತನ್ನಿ, ಒಂದು 28 ಇಂಚಿನದು, ಒಂದು 26 ಇಂಚಿನದು. ದೊಡ್ಡದು ಬುಟ್ಟಿಯ ಬಾಯಿಗೆ, ಚಿಕ್ಕದು ಸರಪಳಿ ತೂಗುವ ಮೇಲಿನ ಬಳೆಗೆ. ನಡುವೆ ಒಂದೂವರೆ ಇಂಚಿನ ಜಿಐ ಪೈಪು, ಕೆಳಗೆ ಅಲುಗದಂತೆ ಹಳೇ ಲಾರಿ ಡ್ರಮ್ಮೋ ಕಾಂಕ್ರೀಟ್ ತುಂಬಿದ ಬಕೆಟ್ಟೋ. ನೆಲದಿಂದ ಬುಟ್ಟಿಯ ಬಾಯಿಗೆ ಸುಮಾರು 82 ಸೆಂಟಿಮೀಟರ್, ಮೇಲಿನ ಬಳೆಗೆ ಸುಮಾರು 135 ಸೆಂಟಿಮೀಟರ್ ಎತ್ತರ ಇರಲಿ. ಬುಟ್ಟಿಯ ಆಳ 20 ಸೆಂಟಿಮೀಟರ್‌ಗೆ ಕಡಿಮೆಯಾಗದಿರಲಿ. ತಳಕ್ಕೂ ಪಕ್ಕಕ್ಕೂ ವೆಲ್ಡ್ ಮೆಶ್ ಸಾಕು.

ರಿಮ್ಮಿನ ಕಡ್ಡಿ ತೂತುಗಳಲ್ಲೇ ಎಸ್ ಕೊಕ್ಕೆ ಹಾಕಿ 12 ಸರಪಳಿ ಇಳಿಬಿಡಿ. ಒಳಗೆ 28 ಸೆಂಟಿಮೀಟರ್ ಅಡ್ಡಳತೆಯ ಚಿಕ್ಕ ಬಳೆಯೊಂದನ್ನು ಸರಳಿನಲ್ಲಿ ಮಾಡಿಸಿ ಅದಕ್ಕೆ ಇನ್ನಾರು. ಹೊರಗಿನವು 80 ಸೆಂಟಿಮೀಟರ್, ಒಳಗಿನವು 72 ಸೆಂಟಿಮೀಟರ್ ಉದ್ದ. 15 ಮೀಟರ್ ಸರಪಳಿ ಕೊಂಡರೆ ಮುಗಿಯುತ್ತದೆ. ಎಲ್ಲದರ ಕೆಳತುದಿಯನ್ನೂ ಪೈಪಿನ ಸುತ್ತ ಒಂದು ಸಣ್ಣ ಬಳೆಗೆ ಸೇರಿಸಿ, ಆ ಬಳೆ ಬುಟ್ಟಿಯ ಬಾಯಿಗಿಂತ ಕೆಳಗೆ, ತಳಕ್ಕಿಂತ ಮೇಲೆ ಇರಲಿ.

ವೆಲ್ಡಿಂಗ್‌ನವರು ಅಚ್ಚುಕಟ್ಟಾಗಿ ಕಾಣಲೆಂದು ಸರಪಳಿಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಿಡಬೇಡಿ. ಬಿಗಿ ಸರಪಳಿಗೆ ಬಡಿದ ಡಿಸ್ಕ್ ಪುಟಿದು ಆಚೆ ಬೀಳುತ್ತದೆ. ಸಡಿಲ ಸರಪಳಿ ಡಿಸ್ಕಿನ ವೇಗ ನುಂಗಿ ಅದನ್ನು ಬುಟ್ಟಿಗೆ ಇಳಿಸುತ್ತದೆ, ಇಡೀ ಬುಟ್ಟಿ ಇರುವುದೇ ಅದಕ್ಕಾಗಿ. ಕೈಯಲ್ಲಿ ಒಂದು ಸರಪಳಿಯ ನಡುಭಾಗ ಹಿಡಿದು ಪಕ್ಕಕ್ಕೆ ಎಳೆದರೆ ಅಂಗೈ ಅಗಲ ಬರಬೇಕು.

ಅಲ್ಲಿಯ ಗುಡ್ಡದ ಗಾಳಿಗೆ ಇಲ್ಲಿ ಹೇಗೆ ತಯಾರಾಗೋದು?

ಆಷಾಢದಲ್ಲಿ ಆಡಿ. ಜೂನ್, ಜುಲೈನಲ್ಲಿ ನಮ್ಮ ಬಯಲಿನಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಒಂದೇ ಡಿಸ್ಕನ್ನು ಹತ್ತು ಸಲ ಗಾಳಿಗೆ ಎದುರಾಗಿ, ಹತ್ತು ಸಲ ಗಾಳಿಯ ಜೊತೆ ಎಸೆದು ನೋಡಿ. ಎದುರು ಗಾಳಿಯಲ್ಲಿ ಬಲಕ್ಕೆ ಹೊರಳುತ್ತದೆ, ಎತ್ತಿಕೊಳ್ಳುತ್ತದೆ. ಹಿಂಗಾಳಿಯಲ್ಲಿ ಬೇಗ ನೆಲಕ್ಕಿಳಿದು ಎಡಕ್ಕೆ ಎಳೆಯುತ್ತದೆ. ಡಿಸ್ಕಿಗೆ ಲೆಕ್ಕ ಗಾಳಿಯೆದುರಿನ ವೇಗ ಮಾತ್ರ, ನೆಲದ ಮೇಲಿನ ವೇಗವಲ್ಲ; ಈ ಒಂದು ಮಾತು ತಲೆಗೆ ಹೋದರೆ ಮುಂದಿನ ಅರ್ಧ ಪಾಠ ಮುಗಿದ ಹಾಗೆ.

## ಗುಡ್ಡದ ಮೇಲೆ ಎಸೆಯುವಾಗ

ಎತ್ತರದಲ್ಲಿ ಗಾಳಿ ತೆಳು ಅಂತಾರೆ. ಹಾಗಾದ್ರೆ ಡಿಸ್ಕ್ ಇನ್ನೂ ದೂರ ಹೋಗಬೇಕಲ್ವಾ?

ಗಾಲ್ಫ್ ಚೆಂಡಿಗೆ ಆ ಮಾತು ಸರಿ, ಡಿಸ್ಕಿಗೆ ಅರ್ಧ ಮಾತ್ರ ಸರಿ. ತೆಳು ಗಾಳಿ ಡಿಸ್ಕನ್ನು ಕಡಿಮೆ ತಡೆಯುತ್ತದೆ ನಿಜ. ಆದರೆ ಡಿಸ್ಕನ್ನು ಎತ್ತಿ ಹಿಡಿಯುವುದೂ ಅದೇ ಗಾಳಿ. ಎತ್ತುವುದು ಕಡಿಮೆಯಾದಾಗ ತೇಲಿ ಹೋಗುವ ಡಿಸ್ಕ್ ಬೇಗ ಕೆಳಗಿಳಿಯುತ್ತದೆ. ಸುಮಾರು 770 ಮೀಟರ್ ಎತ್ತರದ ಮೈಸೂರಿಗೆ ಹೋಲಿಸಿದರೆ 2,400 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಶೇಕಡ 15ರಷ್ಟು ಕಡಿಮೆ. ಟರ್ನ್ ಹುಟ್ಟುವುದೂ ಗಾಳಿಯ ಒತ್ತಡದಿಂದಲೇ ಆದ್ದರಿಂದ, ಊರಿನಲ್ಲಿ ನೇರ ಹೋಗುತ್ತಿದ್ದ ಡಿಸ್ಕ್ ಅಲ್ಲಿ ಓವರ್‌ಸ್ಟೇಬಲ್ ಆದಂತೆ ವರ್ತಿಸಿ ಬೇಗ ಎಡಕ್ಕೆ ಬೀಳುತ್ತದೆ.

ಪರಿಹಾರ ಸುಲಭ: ಟರ್ನ್ ಒಂದು ಅಂಕಿ ಹೆಚ್ಚಿರುವ, ತೂಕ ಹತ್ತು ಗ್ರಾಂ ಕಡಿಮೆ ಇರುವ ಡಿಸ್ಕ್ ತೆಗೆದುಕೊಳ್ಳಿ. ತೋಳಿನ ಬಲ ಹೆಚ್ಚಿಸಲು ಹೋದರೆ ಎಸೆತ ಕೆಡುತ್ತದೆ ಅಷ್ಟೇ.

ಕೆಳಕ್ಕೆ ಎಸೆಯೋ ಹೋಲಲ್ಲಿ ಡಿಸ್ಕ್ ಎಲ್ಲೆಲ್ಲಿಗೋ ಹೋಗುತ್ತೆ. ಯಾಕೆ?

ಮೂರು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಸಮಯ. ಸಮತಟ್ಟಿನಲ್ಲಿ ನೆಲ ಸಿಕ್ಕುವ ಹೊತ್ತಿಗೆ ಇಲ್ಲಿ ಡಿಸ್ಕ್ ಇನ್ನೂ ಗಾಳಿಯಲ್ಲಿರುತ್ತದೆ, ಫೇಡ್ ಶುರುವಾದ ಮೇಲೆ ಎಡಕ್ಕೆ ಸರಿಯಲು ಅದಕ್ಕೆ ಬೇಕಾದಷ್ಟು ಹೊತ್ತಿದೆ. ಅದಕ್ಕೇ ಮಾಮೂಲಿಗಿಂತ ಬಲಕ್ಕೆ ಗುರಿ ಇಡಬೇಕು. ಎರಡನೆಯದು ಮೂತಿ. ನಿಂತ ನೆಲ ಕೆಳಕ್ಕೆ ವಾಲಿದ್ದರೂ ನಮ್ಮ ಭುಜ ಅಭ್ಯಾಸಬಲದಿಂದ ದಿಗಂತದ ನೇರಕ್ಕೇ ಎಸೆಯುತ್ತದೆ. ಡಿಸ್ಕಿನ ಮುಂದಂಚು ಎದ್ದು, ಡಿಸ್ಕ್ ಮೇಲೇರಿ ನಿಂತು ಗಾಳಿ ಒಯ್ದ ಕಡೆ ಹೋಗುತ್ತದೆ. ಸೊಂಟದಿಂದ ಮುಂದಕ್ಕೆ ಬಾಗಿ, ಭುಜಗಳ ಗೆರೆಯನ್ನು ಇಳಿಜಾರಿಗೆ ಸಮನಾಗಿ ಇಳಿಸಿ ಎಸೆಯಿರಿ. ಮೂರನೆಯದು ಗಾಬರಿ. ಕಣಿವೆ ಕಂಡೊಡನೆ ಎಲ್ಲರಿಗೂ ಜೋರಾಗಿ ಬೀಸುವ ಆಸೆ ಬರುತ್ತದೆ. ಕೆಳಮುಖ ಎಸೆತದಲ್ಲಿ ವೇಗ ಬೇಗ ಇಳಿಯುವುದಿಲ್ಲವಾದ್ದರಿಂದ ಜೋರು ಎಸೆತ ಬಲಕ್ಕೆ ಮಗುಚಿ ಕಾಡು ಸೇರುತ್ತದೆ.

ದೂರ ಅಳೆಯಲು ಆಟಗಾರರ ಅಂದಾಜು ಲೆಕ್ಕವೊಂದಿದೆ: ಒಂದು ಮೀಟರ್ ಇಳುಕಲಿಗೆ ಮೂರು ಮೀಟರ್ ದೂರ ಕಳೆಯಿರಿ, ಒಂದು ಮೀಟರ್ ಏರಿಗೆ ಮೂರು ಮೀಟರ್ ಕೂಡಿಸಿ. 90 ಮೀಟರ್ ದೂರದ ಬುಟ್ಟಿ 10 ಮೀಟರ್ ತಗ್ಗಿನಲ್ಲಿದ್ದರೆ 60 ಮೀಟರಿನ ಎಸೆತ ಸಾಕು, ಅಂದರೆ ಡ್ರೈವರ್ ಬ್ಯಾಗಿನಲ್ಲೇ ಇರಲಿ, ಮಿಡ್‌ರೇಂಜ್ ತೆಗೆಯಿರಿ. ತೀರಾ ಕಡಿದಾದ ಓರೆಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ.

ಏರಿನ ಕಡೆ ಎಸೆದ್ರೆ ಮುಂದಕ್ಕೇ ಹೋಗಲ್ಲ, ವಾಪಸ್ ಬರುತ್ತೆ!

ಮೇಲಕ್ಕೆ ಹೋಗುವ ಡಿಸ್ಕಿನ ವೇಗ ಬೇಗ ಸಾಯುತ್ತದೆ, ವೇಗ ಸತ್ತೊಡನೆ ಫೇಡ್ ಎಳೆಯುತ್ತದೆ. ಅಂಡರ್‌ಸ್ಟೇಬಲ್ ಡಿಸ್ಕ್ ಹಿಡಿಯಿರಿ, ಇಳಿಜಾರಿಗೆ ಸಮಾನಾಂತರವಾಗಿ ಎಸೆಯಿರಿ, ಆಕಾಶಕ್ಕಲ್ಲ. ಬುಟ್ಟಿ ಮುಟ್ಟುವ ಹಟ ಬೇಡ. ಎರಡು ಎಸೆತದ ಹೋಲನ್ನು ಮೂರರಲ್ಲಿ ಮುಗಿಸಿದರೆ ನಷ್ಟವೇನಿಲ್ಲ.

ಬುಟ್ಟಿ ಪಕ್ಕದಲ್ಲೇ ಬಿದ್ದಿತ್ತು, ಉರುಳ್ಕೊಂಡು ಐವತ್ತು ಮೀಟರ್ ಕೆಳಗೆ ಹೋಯ್ತು. ತಡೆಯೋದು ಹೇಗೆ?

ಸ್ಕೀ ಗುಡ್ಡದ ಆಟ ಅಂದರೆ ಮುಖ್ಯವಾಗಿ ಇದೇ. ಡಿಸ್ಕ್ ಎಲ್ಲಿ ಬೀಳುತ್ತದೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿ ಎಸೆಯುವವರ ಅಂಕವೇ ಕಡಿಮೆ ಇರುತ್ತದೆ.

ನೆಲದ ಓರೆಗೂ ಡಿಸ್ಕಿನ ಓರೆಗೂ ಹೊಂದಿಕೆಯಾದರೆ ಡಿಸ್ಕ್ ಚಪ್ಪಟೆಯಾಗಿ ಕೂರುತ್ತದೆ, ಹೆಚ್ಚೆಂದರೆ ಸ್ವಲ್ಪ ಜಾರುತ್ತದೆ. ಎರಡೂ ಒಂದಕ್ಕೊಂದು ಎದುರಾದರೆ ಡಿಸ್ಕಿನ ಅಂಚೊಂದೇ ನೆಲಕ್ಕೆ ತಾಗುತ್ತದೆ, ಡಿಸ್ಕ್ ಎದ್ದು ನಿಲ್ಲುತ್ತದೆ, ಮಕ್ಕಳು ಕೋಲಿನಿಂದ ಓಡಿಸುವ ಹಳೇ ಟೈರಿನಂತೆ ಗುಡ್ಡ ಇಳಿಯುತ್ತದೆ. ಬಲಗೈ ಬ್ಯಾಕ್‌ಹ್ಯಾಂಡ್ ಎಸೆತ (ಕೈಯನ್ನು ಎದೆಗೆ ಅಡ್ಡ ತಂದು ಎಸೆಯುವುದು, ಮೇಲೆ ಹೇಳಿದ ಎಡ, ಬಲವೆಲ್ಲ ಇದರ ಲೆಕ್ಕದವು) ಕೊನೆಯಲ್ಲಿ ಎಡ ಅಂಚು ಕೆಳಗಾಗಿ ಬೀಳುತ್ತದೆ. ಹಾಗಾಗಿ ನೆಲವೂ ಎಡಕ್ಕೆ ತಗ್ಗುತ್ತಿದ್ದರೆ ಬ್ಯಾಕ್‌ಹ್ಯಾಂಡ್ ಸರಿ. ನೆಲ ಬಲಕ್ಕೆ ತಗ್ಗುತ್ತಿದ್ದರೆ ಫೋರ್‌ಹ್ಯಾಂಡ್ (ಮೈಯ ಬಲಬದಿಯಿಂದ ಕೈ ಬೀಸುವುದು) ಎಸೆಯಬೇಕು, ಅದು ಬಲ ಅಂಚು ಕೆಳಗಾಗಿ ಇಳಿಯುತ್ತದೆ. ಫೋರ್‌ಹ್ಯಾಂಡ್ ಬಾರದವರು ಡಿಸ್ಕನ್ನು ಬಲಕ್ಕೆ ವಾಲಿಸಿ, ಅಂದರೆ ಆನ್‌ಹೈಜರ್‌ನಲ್ಲಿ, ಅಂಡರ್‌ಸ್ಟೇಬಲ್ ಪಟರ್ ಬಿಡಬಹುದು.

ಇನ್ನೂ ಎರಡು ಸಂಗತಿ. ಚೂಪು ಅಂಚಿನ ಡ್ರೈವರ್ ಬೇಗ ಎದ್ದು ಉರುಳುತ್ತದೆ, ಮೊಂಡು ಅಂಚಿನ ಪಟರ್ ನೆಲಕ್ಕೆ ಅಂಟಿಕೊಳ್ಳುತ್ತದೆ. ಕೊನೆಯ 60 ಮೀಟರ್ ಒಳಗೆ ಪಟರ್ ಬಿಟ್ಟು ಬೇರೇನೂ ಮುಟ್ಟಬೇಡಿ. ಮತ್ತೆ, ನೆಲ ನೋಡಿ. ಉದ್ದ ಹುಲ್ಲು ಡಿಸ್ಕನ್ನು ಹಿಡಿಯುತ್ತದೆ, ಬೋಳಿಸಿದ ಹುಲ್ಲು ಮತ್ತು ಜಲ್ಲಿ ಹಾಸಿದ ಸರ್ವಿಸ್ ರಸ್ತೆ ಓಡಿಸುತ್ತವೆ. ಮಳೆನೀರು ತಿರುಗಿಸಲು ಸ್ಕೀ ಪಟ್ಟಿಗೆ ಅಡ್ಡಲಾಗಿ ಅಲ್ಲಲ್ಲಿ ಚರಂಡಿಯಂಥ ತೋಡು ತೆಗೆದಿರುತ್ತಾರೆ. ಉರುಳುವ ಡಿಸ್ಕ್ ನಿಲ್ಲುವುದು ಹೆಚ್ಚಾಗಿ ಅಂಥ ತೋಡಿನಲ್ಲೇ, ಹುಡುಕುವಾಗ ಮೊದಲು ಅಲ್ಲಿ ನೋಡಿ.

ಬುಟ್ಟಿ ಹತ್ರ ಬಂದ ಮೇಲೆ ಮೇಲಿಂದ ಹಾಕೋದು ಸುಲಭನಾ, ಕೆಳಗಿಂದಾನಾ?

ಕೆಳಗಿಂದ. ಮೇಲಿನಿಂದ ಹಾಕಿದ್ದು ತಪ್ಪಿದರೆ ಮುಂದೆ ನೆಲವೇ ಇಲ್ಲ, ಡಿಸ್ಕ್ ತೇಲಿಕೊಂಡು ಹೋಗುತ್ತಲೇ ಇರುತ್ತದೆ. ಕೆಳಗಿನಿಂದ ಹಾಕಿ ತಪ್ಪಿದರೆ ಎದುರಿನ ಓರೆಗೆ ತಾಗಿ ಹತ್ತಿರದಲ್ಲೇ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ಹಿಂದಿನ ಎಸೆತದಲ್ಲೇ ಬುಟ್ಟಿಗಿಂತ ನಾಲ್ಕೈದು ಮೀಟರ್ ಕೆಳಗೆ ನಿಲ್ಲುವಂತೆ ಕಳಿಸಿ. ಕೆಳಗಿನಿಂದ ಹಾಕುವಾಗ ಸರಪಳಿಯ ಮೇಲ್ಭಾಗಕ್ಕೆ ಗುರಿ ಇಡಿ, ಬುಟ್ಟಿಯ ಬಾಯಿಗೆ ಬಡಿದು ಬೀಳುವ ಎಸೆತವೇ ಅತಿ ಸಾಮಾನ್ಯ ತಪ್ಪು. ಮೇಲಿನಿಂದ ಹಾಕಲೇಬೇಕಾಗಿ ಬಂದು, ದೂರ 8 ಮೀಟರ್ ಮೀರಿದ್ದರೆ, ಬುಟ್ಟಿಯ ಪಕ್ಕಕ್ಕೆ ಮೆಲ್ಲಗೆ ಜಾರಿಸಿ ಮುಂದಿನದರಲ್ಲಿ ಹಾಕಿ. ಇದು ಹೇಡಿತನವಲ್ಲ, ಲೆಕ್ಕಾಚಾರ.

ನಿಯಮವೊಂದನ್ನು ಮರೆಯಬೇಡಿ: ಬುಟ್ಟಿಯಿಂದ 10 ಮೀಟರ್ ಒಳಗೆ ಇದ್ದಾಗ ಎಸೆದ ನಂತರ ಮುಂದಕ್ಕೆ ಮುಗ್ಗರಿಸಬಾರದು. ಡಿಸ್ಕಿನ ಹಿಂದೆಯೇ ಸಮತೋಲ ತೋರಿಸಿ ಆಮೇಲೆ ಹೆಜ್ಜೆ ಇಡಬೇಕು. ಇಳುಕಲಿನಲ್ಲಿ ಮೈ ತಾನಾಗಿ ಮುಂದಕ್ಕೆ ವಾಲುವುದರಿಂದ ಹಿಂಗಾಲಿನ ಮೇಲೆ ಭಾರ ಉಳಿಸಿಕೊಂಡು ಹಾಕುವ ಅಭ್ಯಾಸ ಬೇಕು.

ಎಸೆಯುವಾಗ ಕಾಲು ಜಾರುತ್ತೆ. ಓಡಿ ಬಂದು ಎಸೆಯಲೇಬೇಕಾ?

ಬೇಕಿಲ್ಲ. ಟೀ ಸಮತಟ್ಟಾಗಿ, ಒಣಗಿದ್ದರೆ ಮಾತ್ರ ಹೆಜ್ಜೆ ಹಾಕಿ. ಓರೆ ನೆಲದಲ್ಲಿ ನಿಂತೇ ಎಸೆಯಿರಿ, ಸೊಂಟ ತಿರುಗಿಸಿದರೆ ಮುಕ್ಕಾಲು ದೂರ ಹೇಗೂ ಬರುತ್ತದೆ. ಶೂ ತಳದಲ್ಲಿ ಆಳವಾದ ಕಚ್ಚುಗಳಿರಲಿ, ವಾಕಿಂಗ್ ಶೂ ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ನಿಲ್ಲುವುದಿಲ್ಲ.

ಬೆಳಿಗ್ಗೆ ಚೆನ್ನಾಗಿ ಹಾರಿದ್ದು ಮಧ್ಯಾಹ್ನ ಅದೇ ಹೋಲಲ್ಲಿ ಮಗುಚಿಕೊಳ್ತು. ಡಿಸ್ಕ್ ಕೆಟ್ಟಿತಾ?

ಡಿಸ್ಕ್ ಕೆಟ್ಟಿಲ್ಲ, ಗಾಳಿ ದಿಕ್ಕು ಬದಲಿಸಿದೆ. ಬಿಸಿಲೇರಿದಂತೆ ಗುಡ್ಡದ ಮೈ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಹಗುರಾಗಿ ಇಳಿಜಾರಿನ ಮೇಲೆ ಹತ್ತುತ್ತದೆ. ಹಾಗಾಗಿ ಮಧ್ಯಾಹ್ನ ಕೆಳಮುಖ ಹೋಲ್‌ಗಳೆಲ್ಲ ಎದುರು ಗಾಳಿಯವು, ಡಿಸ್ಕ್ ಎದ್ದು ಬಲಕ್ಕೆ ಮಗುಚುತ್ತದೆ. ಸಂಜೆ ನೆಲ ತಣ್ಣಗಾದಂತೆ ಗಾಳಿ ತಿರುಗಿ ಕೆಳಕ್ಕೆ ಹರಿಯುತ್ತದೆ. ಮಧ್ಯಾಹ್ನ ಕೆಳಕ್ಕೆ ಎಸೆಯಲು ಒಂದು ಓವರ್‌ಸ್ಟೇಬಲ್ ಮಿಡ್‌ರೇಂಜ್ ಬ್ಯಾಗಿನಲ್ಲಿರಲಿ. ನಾಲ್ಕನೆಯ ಡಿಸ್ಕ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಮರದ ತುದಿ ನೋಡಿ ಗಾಳಿ ಅಳೆಯಿರಿ. ಟೀ ಹತ್ತಿರ ಹುಲ್ಲು ಹಾರಿಸಿ ನೋಡಿದರೆ ಮರಗಳ ಮರೆಯ ಗಾಳಿ ಮಾತ್ರ ಗೊತ್ತಾಗುತ್ತದೆ.

## ನಿಯಮ, ಅಪಾಯ

ಡಿಸ್ಕ್ ಸಿಗಲಿಲ್ಲ, ಲಿಫ್ಟ್ ಕಂಬಕ್ಕೆ ಬಡಿಯಿತು, ಪೊದೆಯೊಳಗೆ ಹೋಯ್ತು. ಯಾವುದಕ್ಕೆ ದಂಡ?

ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಒಂದು ಎಸೆತ ದಂಡ ಸೇರಿಸಿ ಹಿಂದಿನ ಜಾಗದಿಂದ ಮತ್ತೆ ಎಸೆಯಬೇಕು. ಲಿಫ್ಟ್ ಕಂಬ, ತಂತಿ, ಹಿಮ ಚಿಮುಕಿಸುವ ಯಂತ್ರದ ಪೈಪು, ಯಾವುದಕ್ಕೆ ಬಡಿದರೂ ನಿಂತಲ್ಲಿಂದಲೇ ಆಟ. ಮರು ಎಸೆತವೂ ಇಲ್ಲ, ದಂಡವೂ ಇಲ್ಲ. ಔಟ್ ಆಫ್ ಬೌಂಡ್ಸ್ ಎಂದು ಗುರುತು ಮಾಡಿದ ಜಾಗಕ್ಕೆ ಹೋದರೆ ಒಂದು ಎಸೆತ ದಂಡ. ಎಸೆಯುವಾಗ ಒಂದು ಕಾಲಾದರೂ ಡಿಸ್ಕಿನ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಚೌಕದೊಳಗೆ ಇರಬೇಕು. ಪೊದೆ ಅಡ್ಡ ಬಂತೆಂದು ಕೊಂಬೆ ಮುರಿಯುವಂತಿಲ್ಲ. ಜೇನು, ಕಣಜದಂಥವು ಇದ್ದರೆ ಬುಟ್ಟಿಯ ನೇರದಲ್ಲೇ ಹಿಂದಕ್ಕೆ ಸರಿದು ದಂಡವಿಲ್ಲದೆ ಎಸೆಯಬಹುದು. ಎಸೆಯಲು ಇರುವ ಸಮಯ 30 ಸೆಕೆಂಡ್.

ಬೇರೆ ಜನರೂ ಅದೇ ಗುಡ್ಡದಲ್ಲಿ ಇರ್ತಾರಲ್ಲ?

ಇರುತ್ತಾರೆ, ಅದರಲ್ಲೂ ಗುಡ್ಡ ಇಳಿಯುವ ಸೈಕಲ್‌ನವರು. ತಿರುವಿನಾಚೆಯಿಂದ ಸದ್ದಿಲ್ಲದೆ ಬರುತ್ತಾರೆ. ಸೈಕಲ್ ದಾರಿ ಹೋಲಿಗೆ ಅಡ್ಡ ಹಾಯುವ ಕಡೆ ಜೊತೆಗಾರರೊಬ್ಬರನ್ನು ಮುಂದೆ ಕಳಿಸಿ, ಅವರು ಕೈ ಎತ್ತಿದ ಮೇಲೆ ಎಸೆಯಿರಿ. ಯಾರ ಕಡೆಗಾದರೂ ಹೋದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಬೇಕು. ಗಾಬರಿಯಲ್ಲಿ ‘ಅಯ್ಯೋ’ ಅಂದರೆ ಅಲ್ಲಿ ಯಾರೂ ತಲೆ ಬಗ್ಗಿಸುವುದಿಲ್ಲ. ಚಲಿಸುವ ಲಿಫ್ಟಿನ ಕೆಳಗೆ ಅಡ್ಡಲಾಗಿ ಎಸೆಯಬೇಡಿ.

ಎತ್ತರ, ಗುಡುಗು, ಬಿಸಿಲು ಇವುಗಳ ಬಗ್ಗೆ ಏನು ಎಚ್ಚರ?

ರಾಕಿ ಪರ್ವತದ ಕಡೆ ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಗುಡುಗುಮಳೆ ಮಾಮೂಲಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹನ್ನೆರಡರೊಳಗೆ ಕೆಳಗಿರಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್‌ಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಆಟ ನಿಲ್ಲಿಸಿ ಕಟ್ಟಡ ಅಥವಾ ಕಾರು ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಕಬ್ಬಿಣದ ಬುಟ್ಟಿ, ಒಂಟಿ ಮರ, ಲಿಫ್ಟ್ ಕಂಬ ಇವುಗಳ ಬಳಿ ನಿಲ್ಲಬೇಡಿ. ಸಿಡಿಲಿದ್ದಾಗ ಲಿಫ್ಟ್ ನಿಲ್ಲಿಸುತ್ತಾರೆ, ನಡೆದು ಇಳಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

2,500 ಮೀಟರ್ ಆಸುಪಾಸಿನಿಂದ ಮೇಲೆ ತಲೆನೋವು, ವಾಕರಿಕೆ ಬರಬಹುದು. ಮೊದಲ ದಿನ ಸುಮ್ಮನೆ ಓಡಾಡಿ, ಮರುದಿನ 9 ಹೋಲ್, ಆಮೇಲೆ 18. ವಾಕರಿಕೆ ಹೆಚ್ಚಿದರೆ ಮದ್ದು ಕೆಳಗಿಳಿಯುವುದೇ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ತಲಾ ಮೂರು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಇರಲಿ. ಪ್ರತಿ ಸಾವಿರ ಮೀಟರಿಗೆ ಬಿಸಿಲಿನ ಅತಿನೇರಳೆ ಕಿರಣ ಸುಮಾರು ಶೇಕಡ 10 ಹೆಚ್ಚುತ್ತದೆ. ಚಳಿಯಿದೆಯೆಂದು ಟೋಪಿ ಬಿಡಬೇಡಿ.

## ಇಲ್ಲೇ ಕೋರ್ಸ್ ಹಾಕುವವರಿಗೆ

ನಮ್ಮದೇ ತೋಟದ ಗುಡ್ಡ ಇದೆ, ಪಾಂಡವಪುರದ ಹತ್ರ. ಅಲ್ಲಿ 9 ಹೋಲ್ ಹಾಕಬಹುದಾ?

ನಾಲ್ಕೈದು ಎಕರೆ ಓರೆ ನೆಲವಿದ್ದರೆ ಚಿಕ್ಕ 9 ಹೋಲ್ ಹಿಡಿಯುತ್ತದೆ, ಹೋಲಿಗೆ 45ರಿಂದ 75 ಮೀಟರ್ ಲೆಕ್ಕದಲ್ಲಿ. ಮೊದಲು ಗುಡ್ಡವನ್ನು ನಡೆದು, ನೀರು ಹರಿಯುವ ದಾರಿ ಗುರುತಿಸಿ. ಟೀ ಅಲ್ಲಿ ಹಾಕಿದರೆ ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ನೇರ ಏರು, ನೇರ ಇಳುಕಲು ಎರಡೆರಡು ಹೋಲ್ ಸಾಕು, ಉಳಿದವು ಓರೆಗೆ ಅಡ್ಡಲಾಗಿರಲಿ. ಎಲ್ಲವನ್ನೂ ಇಳಿಯುವಂತೆ ಹಾಕಿದರೆ ಕೊನೆಯಲ್ಲಿ ಒಂದೇ ಸಲ ಬಿಸಿಲಲ್ಲಿ ಹತ್ತಬೇಕಾಗಿ ಬಂದು ಎರಡನೆಯ ಸಲ ಯಾರೂ ಬರುವುದಿಲ್ಲ. ಒಂದು ಹೋಲಿನ ಬುಟ್ಟಿಯ ಹಿಂದೆ ಇನ್ನೊಂದರ ಟೀ ಇರಬಾರದು.

ಟೀ ಜಾಗವನ್ನು 1.5 ಮೀಟರ್ ಅಗಲ, 3 ಮೀಟರ್ ಉದ್ದ ಸಮತಟ್ಟು ಮಾಡಿ, ಕೆಳಬದಿಗೆ ಕಲ್ಲು ಕಟ್ಟಿ, ಮೊರಂ ಹಾಕಿ ದಮ್ಮಸು ಮಾಡಿ. ನುಣುಪು ಸಿಮೆಂಟ್ ಬಳಿದರೆ ಮಳೆಯಲ್ಲಿ ಜಾರುತ್ತದೆ, ಬಳಿಯುವುದಾದರೆ ಹಸಿಯಿರುವಾಗಲೇ ಪೊರಕೆಯಿಂದ ಗೀರಿ. ಬುಟ್ಟಿಯ ಪೈಪನ್ನು ಎರಡಡಿ ಗುಂಡಿಯಲ್ಲಿ ನೇರವಾಗಿ ಕಾಂಕ್ರೀಟ್ ಮಾಡಿ, ಇಳಿಜಾರಿಗೆ ಸರಿಯಾಗಿ ವಾಲಿಸಬೇಡಿ; ವಾಲಿದರೆ ಸರಪಳಿಗಳೆಲ್ಲ ಒಂದೇ ಕಡೆ ತೂಗಿ ಮೇಲ್ಬದಿ ಬರಿದಾಗುತ್ತದೆ. ಹೊಸಬರೇ ಹೆಚ್ಚು ಬರುವ ಕಡೆ ಬುಟ್ಟಿಯಿಂದ ಆರೇಳು ಮೀಟರ್ ಕೆಳಗೆ ತೆಂಗಿನ ದಿಮ್ಮಿಯೊಂದನ್ನು ಅಡ್ಡ ಮಲಗಿಸಿ ಎರಡು ಗೂಟ ಹೊಡೆಯಿರಿ, ಉರುಳುವ ಡಿಸ್ಕ್ ಅಲ್ಲಿ ನಿಲ್ಲುತ್ತದೆ. ದಿಮ್ಮಿಯ ಕೆಳಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡಿ, ಹಾವು ಚೇಳು ಇರುವ ಜಾಗ ಅದು.